ರಸ್ತೆ ಪಕ್ಕದ ಬಿಟ್ಟ ತಾಕು

ಪಾಪಣ್ಣನ ಮನೆಗೆ ಫ್ರಿಜ್ಜು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರೊಳಗೆ ಅದರ ಮೇಲಿನ ಖಾನೆ ಸೊಸೆ ಮಮತಾಳ ಪಾಕೀಟುಗಳ ಪಾಲಾಗಿ, ಮೊಸರಿನ ಗಡಿಗೆ ಸೊಪ್ಪಿನ ಜಾಗಕ್ಕೆ ಇಳಿದಿತ್ತು. ಪಾಕೀಟಿನೊಳಗೆ ಇದ್ದದ್ದು ತಿಳಿಹಸಿರು ಬಣ್ಣದ ಪುಡಿ. ಪುಡಿ ಎಂದು ಮಮತಾ ಹೇಳುತ್ತಿದ್ದಳು. ಬೂಷ್ಟು ಎಂದು ಅತ್ತೆ ಅಂತರಘಟ್ಟಮ್ಮ ಹೇಳುತ್ತಿದ್ದಳು. ಇಬ್ಬರು ಹೇಳಿದ್ದೂ ನಿಜವೇ.

“ಲೋಕದಾಗೆ ಜನ ಬೂಷ್ಟು ಬಂದ್ರೆ ಎತ್ತಿ ಬಿಸಾಕ್ತಾರೆ. ನಮ್ಮನ್ಯಾಗೆ ಫ್ರಿಜ್ಜಿನಾಗಿಟ್ಟು ಸಾಕ್ತಾರೆ,” ಎಂದಳು ಅಂತರಘಟ್ಟಮ್ಮ, ರೊಟ್ಟಿ ಬಡಿಯುತ್ತಾ.

“ಉಪ್ಪಿನಕಾಯಿಗೆ ಬರೋ ಬೂಷ್ಟಲ್ಲ ಅತ್ತೆ ಇದು. ಮೆಕ್ಕೆಜೋಳದ ಲದ್ದಿಹುಳಕ್ಕೆ ಹಿಡಿಯೋದು. ಹುಳದ ಮೈಯಾಗೆ ಬೆಳೆದು ಅದನ್ನ ಸಾಯಿಸುತ್ತೆ. ಮನುಷ್ಯರಿಗೆ ಏನೂ ಆಗಲ್ಲ.”

“ಅದಕ್ಕೆ ಗೊತ್ತಾಗುತ್ತೇನು, ಇದು ಹುಳ, ಇದು ಮನುಷ್ಯ ಅಂತ?”

“ಗೊತ್ತಾಗದೇ ಇದ್ದಿದ್ರೆ ಮೊದ್ಲು ನನಗೇ ಹಿಡೀತಿತ್ತು ಬಿಡವ್ವ,” ಎಂದ ಮಗ ಕೃಷ್ಣ. ಅವನು ನ್ಯಾಮತಿಯಲ್ಲಿ ಲೈನ್‌ಮನ್. ಯಾವ ಹೊತ್ತಿಗೆ ಊಟಕ್ಕೆ ಬರುತ್ತಾನೆ, ಯಾವ ಹೊತ್ತಿಗೆ ಕಂಬ ಹತ್ತಲು ಫೋನು ಬರುತ್ತದೆ, ದೇವರಿಗೂ ತಿಳಿಯದು. ಹಾಗಾಗಿ ಮನೆಯಲ್ಲಿ ಇದ್ದಷ್ಟು ಹೊತ್ತು ಜಗಳವಾಗದಂತೆ ಏನಾದರೊಂದು ತಮಾಷೆ ಮಾಡಿ ಎದ್ದುಹೋಗುವ ಅಭ್ಯಾಸ ಅವನದು.

ಮಮತಾ ಚನ್ನಗಿರಿ ಕಡೆಯ ಹುಡುಗಿ. ಕೃಷಿ ಓದಿದವಳು. ಒಂದು ಸಂಶೋಧನಾ ಕೇಂದ್ರದಲ್ಲಿ ಶಾಂತಾದೇವಿ ಎಂಬ ಮೇಡಂ ಕೈಕೆಳಗೆ ಬೆಳೆಗಳ ಹುಳು ಮತ್ತು ರೋಗದ ಮೇಲೆ ಕೆಲಸ ಮಾಡುತ್ತಿದ್ದಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನಲ್ಲೂ ಒಬ್ಬೊಬ್ಬ ರೈತರ ಮೆಕ್ಕೆಜೋಳದ ಹೊಲದಲ್ಲಿ ಆ ಪುಡಿಯನ್ನು ಪರೀಕ್ಷೆ ಮಾಡಬೇಕಿತ್ತು. ನ್ಯಾಮತಿ ಕಡೆ ಒಪ್ಪಿಕೊಂಡಿದ್ದ ರೈತ ಬಿತ್ತನೆ ಹೊತ್ತಿಗೆ ಮನಸ್ಸು ಬದಲಾಯಿಸಿಬಿಟ್ಟ. ಆಗ ಅವಳು ಮಾವನ ಮುಂದೆ ನಿಂತಳು.

“ಮಾವ, ನಮ್ಮ ಹೊಲದಾಗೆ ಅರ್ಧ ಎಕರೆ ಕೊಡ್ತೀರಾ?”

“ಕೇಳೋದೇನು, ನಿನ್ನದೇ ಅಲ್ಲೇನವ್ವ,” ಎಂದುಬಿಟ್ಟ ಪಾಪಣ್ಣ. ಹೆಂಡತಿಯನ್ನು ಒಂದು ಮಾತು ಕೇಳಬೇಕಿತ್ತು ಎಂದು ಅವನಿಗೆ ಆಮೇಲೆ ಹೊಳೆಯಿತು.

ಏಕೆಂದರೆ ಅವರಿಗಿದ್ದ ಆ ಎರಡೆಕರೆ ಅಂತಿಂಥ ಹೊಲವಲ್ಲ. ಪಾಪಣ್ಣನ ಅಪ್ಪನ ಕಾಲಕ್ಕೆ ಸರ್ಕಾರದಿಂದ ಮಂಜೂರಾದದ್ದು. ಅವರ ಊರು ಗೋವಿನಕೋವಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಇದೆ. ಬಂದವರು ಹೋದವರು ಎಲ್ಲರ ಕಣ್ಣೂ ಮೊದಲು ಬೀಳುವುದು ಅದರ ಮೇಲೆ. ಜಮೀನು ಕೈಗೆ ಬಂದಾಗ ಊರಲ್ಲಿ ಕೆಲವರು ಆಡಿದ ಮಾತು ಅಂತರಘಟ್ಟಮ್ಮನಿಗೆ ಮದುವೆಯಾಗಿ ಬಂದ ಹೊಸದರಲ್ಲೇ ಕಿವಿಗೆ ಬಿದ್ದಿತ್ತು: ಕೂಲಿ ಮಾಡೋರಿಗೆ ಒಕ್ಕಲುತನ ಎಲ್ಲಿ ಬರುತ್ತೆ, ಎರಡು ವರ್ಷಕ್ಕೆ ಬೀಳು ಬಿಡ್ತಾರೆ. ಅವಳು ಬೆಳಗ್ಗೆ ಬೇರೆಯವರ ಹೊಲದಲ್ಲಿ ಕಳೆ ತೆಗೆದು, ಸಂಜೆ ಬಂದು ತನ್ನ ಹೊಲದ ಕಳೆ ತೆಗೆದವಳು. ಅಲ್ಲಿ ಒಂದು ಹುಲ್ಲುಕಡ್ಡಿ ತಪ್ಪಿ ಎದ್ದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಅರ್ಧ ಎಕರೆಯನ್ನು ಮಮತಾ ಹಗ್ಗ ಹಿಡಿದು ಸಣ್ಣ ಸಣ್ಣ ತಾಕು ಮಾಡಿದಳು. ಮೂರು ಸಾಲು, ಸಾಲಿಗೆ ನಾಲ್ಕು ತಾಕು. ಪ್ರತಿ ಸಾಲಿನಲ್ಲೂ ಒಂದಕ್ಕೆ ಬೂಷ್ಟಿನ ಪುಡಿ, ಒಂದಕ್ಕೆ ಬೇವಿನ ಬೀಜದ ಕಷಾಯ, ಒಂದಕ್ಕೆ ಅಂಗಡಿ ಔಷಧಿ. ನಾಲ್ಕನೆಯದಕ್ಕೆ ಏನೂ ಇಲ್ಲ. ಯಾವುದು ಯಾವ ಜಾಗಕ್ಕೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನ ಮಾಡಬೇಕು. ಚೀಟಿಗಳನ್ನು ಅಕ್ಕಿ ಅಳೆಯುವ ಸೇರಿನಲ್ಲಿ ಹಾಕಿ ಅತ್ತೆಯ ಮುಂದೆ ಹಿಡಿದಳು.

“ಎತ್ರಿ ಅತ್ತೆ. ನಾನು ಎತ್ತಿದ್ರೆ ಬೇಕಾದ್ದು ಎತ್ತಿದೆ ಅಂತಾರೆ.”

ರಸ್ತೆ ಪಕ್ಕದ ಸಾಲಿನಲ್ಲಿ, ಸರಿಯಾಗಿ ಬಸ್ಸು ನಿಲ್ಲುವ ಕಡೆಗೆ ಬಂದದ್ದು ಬರಿ ಚೀಟಿ.

“ಇದ್ರಾಗೆ ಏನೂ ಬರ್ದಿಲ್ವಲ್ಲೇ.”

“ಅದೇ ಅತ್ತೆ, ಬಿಟ್ಟ ತಾಕು. ಅದಕ್ಕೆ ಏನೂ ಮಾಡಂಗಿಲ್ಲ.”

“ಏನೂ ಮಾಡದೇ ಇರಾಕೆ ಅಷ್ಟು ಓದ್ಬೇಕಿತ್ತೇನು?”

ಮಮತಾ ನಕ್ಕಳು. “ಊರಿಗೆಲ್ಲ ಜ್ವರ ಬಂತು ಅನ್ಕೊಳ್ರಿ. ಮಾತ್ರೆ ತಗೊಂಡೋರು ಹುಷಾರಾದ್ರು. ಮಾತ್ರೆಯಿಂದಾನೇ ಆದ್ರೋ, ಸುಮ್ನೆ ಬಿಟ್ಟಿದ್ರೂ ಆಗ್ತಿದ್ರೋ, ಹೆಂಗೆ ಹೇಳ್ತೀರಿ? ಮಾತ್ರೆ ತಗೊಳ್ದೆ ಇರೋನೂ ಒಬ್ಬ ಬೇಕಲ್ಲ.”

“ಅವನು ಯಾರ ಮಗನೋ, ಪಾಪ,” ಎಂದಳು ಅಂತರಘಟ್ಟಮ್ಮ.

ಬಿತ್ತಿದ ಮೇಲೆ ಮಳೆ ಚೆನ್ನಾಗೇ ಬಂತು. ಪೈರು ಮೊಣಕಾಲುದ್ದ ಬಂದಾಗ ಮಳೆ ಬಿಡುವು ಕೊಟ್ಟಿತು, ಹುಳ ಬಂತು. ಬಿಟ್ಟ ತಾಕಿನ ಎಲೆಗಳು ಜರಡಿಯಾದವು. ಸುಳಿಯೊಳಗೆ ಹುಳ ಕೂತು, ಮರದ ಪುಡಿಯಂಥ ಲದ್ದಿ ಹಾಕಿ, ದಿನಾ ತಿನ್ನುತ್ತಿತ್ತು. ಅಂತರಘಟ್ಟಮ್ಮ ಎಮ್ಮೆಗೆ ಹುಲ್ಲು ತರಲು ಹೋಗುವಾಗ ಆ ತಾಕಿನ ಹತ್ತಿರ ಮುಖ ಆಚೆ ತಿರುಗಿಸಿಕೊಂಡು ನಡೆಯುತ್ತಿದ್ದಳು.

ಒಂದು ಬೆಳಗ್ಗೆ ಮುರುಗೇಶಪ್ಪನ ಬೈಕು ನಿಂತಿತು. ಪಕ್ಕದ ತೋಟದ ಯಜಮಾನ, ನ್ಯಾಮತಿಯಲ್ಲಿ ಗೊಬ್ಬರ, ಔಷಧಿ ಅಂಗಡಿ ಇಟ್ಟವನು. ಅವನ ತೋಟದಲ್ಲೇ ಅವಳು ವರ್ಷಗಟ್ಟಲೆ ಕಳೆ ತೆಗೆದಿದ್ದಳು.

“ಏನು ಅಂತರಘಟ್ಟಮ್ಮ, ಮನ್ಯಾಗೇ ಕೃಷಿ ಪಂಡಿತೆ ಇಟ್ಕೊಂಡು ಹೊಲ ಹಿಂಗೆ ಮಾಡ್ಕೊಂಡೀರಲ್ಲ?”

“ಅದು ಬೇಕಂತಲೇ ಬಿಟ್ಟಿರೋದಂತೆ ಗೌಡ್ರೇ.”

“ಬೇಕಂತಲೇನಾ?” ಅವನು ನಕ್ಕ. ಕೆಟ್ಟ ನಗುವೇನಲ್ಲ. “ಹಂಗಾದ್ರೆ ಸರಿ ಬಿಡು. ಕಳೆ ತೆಗ್ಯೋದ್ರಾಗೆ ನಿನ್ನ ಮೀರ್ಸೋರಿರಲಿಲ್ಲ. ಒಕ್ಕಲುತನ ಬ್ಯಾರೆ.”

ಬೈಕು ಹೋಯಿತು. ಮಾತು ಮಾತ್ರ ಅಲ್ಲೇ ನಿಂತಿತು. ಅವಳು ಕುಡುಗೋಲು ಬದುವಿನ ಮೇಲಿಟ್ಟು, ಬಿಟ್ಟ ತಾಕಿಗೆ ಇಳಿದು, ಮೊದಲನೆಯ ಗಿಡದ ಸುಳಿ ಬಿಡಿಸಿ ಹುಳ ಎತ್ತಿದಳು. ಸುಳಿಗೆ ಒಂದು ಚಿಟಿಕೆ ಮಣ್ಣು ಹಾಕಿದರೆ ಹುಳ ಮತ್ತೆ ಏಳುವುದಿಲ್ಲ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು; ಅದನ್ನೂ ಹಾಕಿದಳು. ಔಷಧಿ ಹೊಡೀಬಾರದು ಅಂದಿದ್ದಾಳೆ, ಕೈ ಹಾಕಬಾರದು ಅಂದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಾರನೆಯ ದಿನವೂ ಇಳಿದಳು. ಅದರ ಮಾರನೆಯ ದಿನವೂ.

ಗುಟ್ಟು ರಟ್ಟು ಮಾಡಿದ್ದು ಕೋಳಿಗಳು. ಹುಳಗಳನ್ನು ಅವಳು ಹಳೆಯ ತಂಬಿಗೆಯಲ್ಲಿ ತಂದು ಕೋಳಿಗೆ ಹಾಕುತ್ತಿದ್ದಳು. ಅವಳು ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಮನೆಯ ಕೋಳಿಯೆಲ್ಲ ರೆಕ್ಕೆ ಬಡಿಯುತ್ತಾ ಎದುರು ಓಡುತ್ತಿದ್ದವು. ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಕೂತಿದ್ದ ಪಾಪಣ್ಣ ಎರಡು ದಿನ ನೋಡಿದ, ಮೂರನೆಯ ದಿನ ತಂಬಿಗೆಯೊಳಗೆ ಇಣುಕಿದ.

“ಲೇ ಇವಳೇ, ಯಾವ ತಾಕಿನವು ಇವು?”

“ಯಾವುದಾದ್ರೇನು. ಕೋಳಿಗೆ ತಾಕು ಗೊತ್ತಾ?”

“ಸೊಸೆಗೆ ಗೊತ್ತಾದ್ರೆ?”

“ನೀವು ಹೇಳಿದ್ರೆ ಗೊತ್ತಾಗುತ್ತೆ. ಬಾಯಿ ಮುಚ್ಕೊಂಡು ಮೊಟ್ಟೆ ತಿನ್ರಿ.”

ಪಾಪಣ್ಣ ಮೊಟ್ಟೆ ತಿಂದ.

ಇತ್ತ ಮಮತಾಳಿಗೆ ತಲೆ ಕೆಡುತ್ತಿತ್ತು. ಒಂದು ದಿನ ಜಗಳೂರು, ಒಂದು ದಿನ ಚನ್ನಗಿರಿ ಎಂದು ಸ್ಕೂಟರಿನಲ್ಲೂ ಬಸ್ಸಿನಲ್ಲೂ ತಿರುಗಿ, ವಾರಕ್ಕೊಮ್ಮೆ ತನ್ನ ಮನೆಯ ಹೊಲಕ್ಕೆ ಬಂದು ಹುಳ ಎಣಿಸುತ್ತಿದ್ದಳು. ಒಣ ಹವೆಗೆ ಬೂಷ್ಟಿನ ಪುಡಿ ಇನ್ನೂ ಕೆಲಸ ಹಿಡಿದಿರಲಿಲ್ಲ. ಅದಕ್ಕೆ ತೇವ ಬೇಕು. ಒಳಗಿನ ಎರಡು ಬಿಟ್ಟ ತಾಕುಗಳನ್ನು ಹುಳ ತಿಂದು ಹಾಕಿತ್ತು. ರಸ್ತೆ ಪಕ್ಕದ ಬಿಟ್ಟ ತಾಕು ಮಾತ್ರ ಕರ್ರಗೆ ಹಸಿರಾಗಿ, ಅಂಗಡಿ ಔಷಧಿ ಹೊಡೆದ ತಾಕಿಗಿಂತ ಚೆಂದ ನಿಂತಿತ್ತು.

ಅವಳು ಸುಳಿ ಬಿಡಿಸಿ ನೋಡಿದಳು. ಒಳಗೆ ಮಣ್ಣು. ತಲೆಯೆತ್ತಿ ನೋಡಿದಳು. ರಸ್ತೆ ಅಗಲ ಮಾಡುವ ಕೆಲಸಕ್ಕೆ ಟಿಪ್ಪರುಗಳು ಓಡಾಡುತ್ತಿದ್ದವು. ಧೂಳು ಮೋಡದ ಹಾಗೆ ಎದ್ದು ಮೊದಲ ಸಾಲಿನ ಮೇಲೆ ಇಳಿಯುತ್ತಿತ್ತು.

ರಾತ್ರಿ ಊಟಕ್ಕೆ ಹುರುಳಿಕಾಳು ಸಾರು, ಮುದ್ದೆ. ಮಮತಾಳ ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು.

“ಧೂಳು ಮಾವ. ರಸ್ತೆ ಧೂಳು ಸುಳಿಗೆ ಬಿದ್ದು ಹುಳ ಸಾಯ್ತಾ ಐತೆ. ಇಂಥ ಫಲಿತಾಂಶ ನಾನು ನೋಡೇ ಇಲ್ಲ. ಮೇಡಂಗೂ ಫೋನ್ ಮಾಡಿದೆ, ಇನ್ನೊಂದು ವಾರ ನೋಡು ಅಂದ್ರು.”

ಪಾಪಣ್ಣನಿಗೆ ಸಾರು ನೆತ್ತಿಗೇರಿತು. ಅಂತರಘಟ್ಟಮ್ಮ ಗಂಡನ ಬೆನ್ನಿಗೆ ಗುದ್ದಿದಳು, ಸ್ವಲ್ಪ ಜೋರಾಗಿಯೇ.

“ಮತ್ತೆ ಅಕ್ಕಪಕ್ಕದ ತಾಕಿಗೆ ಯಾಕೆ ಬೀಳಲಿಲ್ಲ ಧೂಳು?” ಎಂದ ಕೃಷ್ಣ.

“ಅದೇ ನಾನೂ ಯೋಚನೆ ಮಾಡ್ತಿರೋದು. ಬಸ್ಸು ನಿಂತು ಹೊರಡೋದು ಅಲ್ಲೇ ಅಲ್ವಾ? ಧೂಳು ಅಲ್ಲೇ ಜಾಸ್ತಿ ಏಳುತ್ತೆ.” ಅವಳ ಮುಖ ಹಣತೆ ಹಚ್ಚಿದ ಹಾಗಿತ್ತು. ಅತ್ತೆ ಅವಳ ತಟ್ಟೆಗೆ ಇನ್ನೊಂದು ಸೌಟು ಬಿಸಿ ಸಾರು ಹಾಕಿದಳು.

ಇಷ್ಟರಲ್ಲೇ ಮುಗಿದಿದ್ದರೆ ಬಹುಶಃ ಆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಅಂತರಘಟ್ಟಮ್ಮನ ತವರು ಜಗಳೂರು ತಾಲ್ಲೂಕು. ಅಲ್ಲಿ ತಮ್ಮ ಮೈಲಾರಿಗೆ ಒಂದಷ್ಟು ಕುರಿ, ರಸ್ತೆಗೆ ಹೊಂದಿ ಮೂರೆಕರೆ ಮೆಕ್ಕೆಜೋಳ. ವಾರದ ಕೊನೆಗೆ ಅವನ ಫೋನು ಬಂತು. ಕೃಷ್ಣ ಸ್ಪೀಕರ್ ಹಾಕಿ ನಡುಮನೆಯಲ್ಲಿಟ್ಟ.

“ಅಕ್ಕ, ಸೊಸಿ ಮೊನ್ನೆ ಈ ಕಡೆ ಬಂದಾಗ ಮನಿಗೂ ಬಂದಿದ್ಳು. ಧೂಳಿನ ವಿಚಾರ ಹೇಳಿದ್ಳು. ಇನ್ನೂ ನೋಡ್ಬೇಕು ಮಾವ ಅಂದ್ಳು. ನಾನೇನು ನೋಡ್ಲಿ ಅಕ್ಕ, ನನ್ ಹೊಲ ರಸ್ತಿ ಪಕ್ಕಾನೇ ಐತಲ್ಲ. ಔಷಧಿ ತರಾಕೆ ಹೊರಟೋನು ವಾಪಸ್ ಬಂದೆ. ಸುತ್ತಲೋರಿಗೂ ಹೇಳೀನಿ, ತಡೀರಿ, ನಮ್ ಸೊಸಿ ಮುಂದಿನ ವಾರ ಇಲ್ಲಿ ರೈತರ ಮೀಟಿಂಗ್‌ನಾಗೆ ಬಂದು ಹೇಳ್ತಾಳೆ ಅಂತ.”

“ಹುಳ ಐತೇನೋ ಹೊಲ್ದಾಗೆ?” ಎಂದು ಕೇಳಿದಳು ಅಂತರಘಟ್ಟಮ್ಮ.

“ಐತೆ, ಇನ್ನೂ ಸಣ್ಣವು. ಧೂಳು ಬೀಳ್ತಾ ಐತೆ, ಸಾಯ್ತಾವೆ ಬಿಡು.”

ಅವಳು ಫೋನಿನ ಹತ್ತಿರ ಬಗ್ಗಿದಳು. “ಮೈಲಾರಿ, ಈಗಲೇ ಹೋಗಿ ಏನು ಹೊಡೀಬೇಕೋ ಹೊಡಿ. ಧೂಳಿಗೆ ಹುಳ ಸಾಯಲ್ಲ.”

“ಸೊಸಿನೇ ಹೇಳಿದ್ಳಲ್ಲಕ್ಕ?”

“ಅವಳಿಗೆ ಗೊತ್ತಿಲ್ಲ. ನಮ್ ಹೊಲದ ಹುಳ ಆರಿಸಿ ಬಿಸಾಕಿದ್ದು ನಾನು. ಮಣ್ಣು ಹಾಕಿದ್ದೂ ನಾನೇ. ಹೋಗು, ಹೊತ್ತು ಮಾಡಬ್ಯಾಡ.”

ಫೋನು ಕಟ್ಟಾಯಿತು. ಮಮತಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಎಷ್ಟು ದಿನದಿಂದ ಅತ್ತೆ?”

“ಮುರುಗೇಶಪ್ಪ ಗೌಡ್ರು ಹೊಲ ನೋಡಿ ಆಡ್ಕೊಂಡು ಹೋದಾಗಿನಿಂದ.”

“ದಿನಾನಾ?”

“ದಿನಾ.”

ಮಮತಾ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. “ನನಗೆ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಮೇಡಂಗೆ ಹೇಳಿದೀನಿ. ಮುಂದಿನ ವಾರ ಜಗಳೂರಿನಾಗೆ ನೂರಾರು ರೈತರ ಮುಂದೆ ಹೇಳ್ತಿದ್ದೆ. ಅವರೆಲ್ಲ ಕೈ ಕಟ್ಕೊಂಡು ಕೂತಿದ್ರೆ? ನೀವು ನಿಮ್ಮ ಮಾನ ನೋಡ್ಕೊಂಡ್ರಿ.”

“ಹೂಂ, ನೋಡ್ಕೊಂಡೆ,” ಎಂದಳು ಅಂತರಘಟ್ಟಮ್ಮ. “ಆ ರಸ್ತ್ಯಾಗೆ ನಾನು ಕಂಡೋರ ಹೊಲಕ್ಕೆ ಹೋಗಿ ಬಂದು ಮುದುಕಿ ಆದೆ. ಅವರ ಹೊಲದಾಗೆ ಹುಳ ಕಂಡ್ರೂ ಕೈ ಸುಮ್ನಿರ್ತಿರಲಿಲ್ಲ. ನನ್ನ ಹೊಲದಾಗೆ ಬಿಟ್ಟು ಹೋಗು ಅಂತೀಯ. ನಿನಗೆ ಅದು ತಾಕು. ನನಗೆ ಅದು ಮುಖ.”

“ಇಬ್ರೂ ಉಣ್ರಿ ಮೊದ್ಲು,” ಎಂದ ಪಾಪಣ್ಣ.

“ನೀವು ಸುಮ್ನಿರ್ರಿ. ಮೊಟ್ಟೆ ತಿಂದೋರು,” ಎಂದಳು ಹೆಂಡತಿ. ಸೊಸೆ ಮಾವನ ಕಡೆ ತಿರುಗಿ ನೋಡಿದಳು. ಪಾಪಣ್ಣ ಎದ್ದು ಎಮ್ಮೆ ನೋಡಲು ಹೋದ.

ಆ ವಾರ ಮನೆಯಲ್ಲಿ ಮಾತೆಲ್ಲ ಕೃಷ್ಣನ ಮೂಲಕ ನಡೆಯಿತು. ‘ನಿಮ್ಮವ್ವನಿಗೆ ಹೇಳ್ರಿ, ನೀರು ಬಂದೈತೆ.’ ‘ನಿನ್ನ ಹೆಂಡ್ತಿಗೆ ಹೇಳು, ಡಬ್ಬಿ ಕಟ್ಟಿಟ್ಟೀನಿ.’ ಡಬ್ಬಿಯಲ್ಲಿ ರೊಟ್ಟಿಯ ಜೊತೆ ಮಮತಾಳಿಗೆ ಇಷ್ಟದ ಶೇಂಗಾ ಚಟ್ನಿಯೇ ಇರುತ್ತಿತ್ತು. ಅವಳು ಖಾಲಿ ಡಬ್ಬಿಯನ್ನು ತೊಳೆದೇ ತರುತ್ತಿದ್ದಳು. “ನನ್ನನ್ನ ಕಂಬ ಮಾಡ್ಕೊಂಡೀರಿ ಇಬ್ರೂ, ಈ ಕಡೆ ಕರೆಂಟು ಆ ಕಡೆಗೆ,” ಎಂದ ಕೃಷ್ಣ. ಯಾರೂ ನಗಲಿಲ್ಲ.

ಶಾಂತಾದೇವಿ ಮೇಡಂಗೆ ಮಮತಾ ಅಂದೇ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಮೇಡಂ ಎರಡು ದಿನ ಬಿಟ್ಟು ಜೀಪಿನಲ್ಲಿ ಬಂದರು. ತಾಕು ಸುತ್ತಿ ನೋಡಿ, ಜಗಲಿಯ ಮೇಲೆ ಕೂತು ಚಹಾ ಕುಡಿದರು. ಬೈಯುತ್ತಾರೆಂದು ಅಂತರಘಟ್ಟಮ್ಮ ಬಾಗಿಲ ಹಿಂದೆಯೇ ನಿಂತಿದ್ದಳು.

“ಬನ್ನಿ ಅಮ್ಮ, ಕೂತ್ಕೊಳ್ಳಿ. ನಮ್ಮ ತಾಯಿನೂ ಹಾಗೇ. ನನ್ನ ಕುಂಡದ ಗಿಡಕ್ಕೆ ನೀರು ಹಾಕ್ಬೇಡ ಅಂದ್ರೆ ನಾನು ಆಫೀಸಿಗೆ ಹೋದ ಮೇಲೆ ಹಾಕ್ತಿದ್ರು,” ಎಂದರು. ಆಮೇಲೆ ಮಮತಾಳಿಗೆ, “ರಸ್ತೆ ಪಕ್ಕದ ಸಾಲು ಪೂರ್ತಿ ಕೈಬಿಡು. ಇಲ್ಲಿ ಎರಡು ಸಾಲು, ಮಿಕ್ಕ ಮೂರು ತಾಲ್ಲೂಕು ಸಾಕು. ಮುಂದಿನ ಬೆಳೆಯಲ್ಲಿ ಮತ್ತೆ ಹಾಕೋಣ. ಜಗಳೂರಿನಲ್ಲಿ ಏನು ಹೇಳ್ತೀಯ?”

“ಆಗಿದ್ದನ್ನೇ ಹೇಳ್ತೀನಿ ಮೇಡಂ.”

“ನಗ್ತಾರೆ.”

“ನಗ್ಲಿ.”

ಬಾಗಿಲ ಹಿಂದಿನಿಂದ ಅಂತರಘಟ್ಟಮ್ಮ ಸೊಸೆಯನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು.

ಆ ರಾತ್ರಿಯಿಂದಲೇ ಜಡಿಮಳೆ ಹಿಡಿಯಿತು. ಮಳೆ ಹೊಳವಾದ ಬೆಳಗ್ಗೆ ಒಳಗಿನ ಸಾಲಿನಿಂದ ಮಮತಾ ಕರೆದಳು. ಎಷ್ಟೋ ದಿನದ ಮೇಲೆ ನೇರವಾಗಿ.

“ಅತ್ತೆ, ಇಲ್ಲಿ ಬರ್ರಿ.”

ಬೂಷ್ಟಿನ ಪುಡಿ ಹೊಡೆದ ತಾಕಿನಲ್ಲಿ ಎಲೆಗಳ ಮೇಲೆ ಹುಳಗಳು ಇದ್ದಲ್ಲೇ ಸೆಟೆದು ನಿಂತಿದ್ದವು. ಕೆಲವು ಸುಣ್ಣ ಬಳಿದ ಹಾಗೆ ಬೆಳ್ಳಗೆ. ಕೆಲವಕ್ಕೆ ಆ ಬಿಳಿಯ ಮೇಲೆ ತಿಳಿಹಸಿರು. ಪಾಕೀಟಿನ ಪುಡಿಯದೇ ಬಣ್ಣ. ಅಂತರಘಟ್ಟಮ್ಮ ಒಂದನ್ನು ಬೆರಳಿನಿಂದ ಮುಟ್ಟಿದಳು. ಕಡ್ಡಿಯ ಹಾಗೆ ಗಟ್ಟಿಯಾಗಿತ್ತು.

“ಇದು ಮಾಡಿದ್ದಾ? ನಮ್ ಫ್ರಿಜ್ಜಿನಾಗೆ ಇತ್ತಲ್ಲ, ಅದು?”

“ಅದೇ ಅತ್ತೆ. ಈ ಹುಳದ ಮೈಮೇಲಿನ ಪುಡಿ ಗಾಳಿಗೆ ಹಾರಿ ಇನ್ನೊಂದು ಹುಳಕ್ಕೆ ಹಿಡಿಯುತ್ತೆ.”

“ಒಂದೇ ಸಲ ಹೊಡೆದ್ರೆ ತಾನೇ ಮುಂದಕ್ಕೆ ಹೋಗುತ್ತಾ?” ಅವಳು ಬಹಳ ಹೊತ್ತು ಬಗ್ಗಿ ನೋಡಿದಳು. “ಇಷ್ಟು ಸಣ್ಣದು. ಎಂಥ ಕೆಲಸ ಮಾಡೈತೆ ನೋಡು.” ಆಮೇಲೆ ಮೆಲ್ಲಗೆ ಕೇಳಿದಳು. “ಜಗಳೂರಿಗೆ ನಾನೂ ಬರ್ಲಾ? ಮೈಲಾರಿನ ನೋಡ್ದಂಗೂ ಆಗುತ್ತೆ.”

ಜಗಳೂರಿನ ಮೀಟಿಂಗಿನಲ್ಲಿ ಮಮತಾ ಮೈಕು ಹಿಡಿದು ಮೊದಲು ಬೂಷ್ಟಿನ ವಿಷಯ ಹೇಳಿದಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲಿ ಮಳೆ ಬಿದ್ದ ಮೇಲೆ ಚೆನ್ನಾಗಿ ಹಿಡಿದಿದೆ ಎಂದಳು. ಆಮೇಲೆ, “ನಿಮ್ಮ ಜಗಳೂರಿನ ಒಣ ಹವೆಗೆ ಅಷ್ಟಾಗಿ ಹಿಡಿದಿಲ್ಲ. ಯಾವಾಗ ಹೊಡೆದ್ರೆ ಹಿಡಿಯುತ್ತೆ ಅಂತ ನನಗೆ ಇನ್ನೂ ಗೊತ್ತಿಲ್ಲ. ಗೊತ್ತಾಗೋವರೆಗೂ ಇದನ್ನೊಂದನ್ನೇ ನಂಬ್ಕೊಂಡು ಕೂರಬೇಡಿ,” ಎಂದಳು. ಧೂಳಿನ ಕಥೆಯನ್ನೂ ಹೇಳಿದಳು. ಅದು ತನ್ನ ತಪ್ಪು ಎಣಿಕೆ, ಮನೆಯವರೊಬ್ಬರು ಹುಳ ಆರಿಸಿದ್ದು ತನಗೆ ತಿಳಿದಿರಲಿಲ್ಲ ಎಂದಳು. ಸಭೆಯೆಲ್ಲ ನಕ್ಕಿತು.

“ಯಾರಮ್ಮ ಆ ಮನೆಯೋರು? ನಮ್ ಹೊಲಕ್ಕೂ ಕಳಿಸ್ರಿ,” ಎಂದ ಒಬ್ಬ.

ಹಿಂದೆ ಹೆಂಗಸರ ಸಾಲಿನಲ್ಲಿ ಕೂತಿದ್ದ ಅಂತರಘಟ್ಟಮ್ಮ ಏಳಲಿಲ್ಲ. ಪಕ್ಕದವಳ ತೊಡೆ ತಟ್ಟಿ, “ಮಾತಾಡ್ತಾ ಇದಾಳಲ್ಲ, ಅವಳು ನನ್ನ ಸೊಸೆ,” ಎಂದಳು. “ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಮೈಕಿನಾಗೆ ಹೇಳ್ತಾಳೆ ನೋಡ್ರಿ. ಎಷ್ಟು ಜನ ಹೇಳ್ತಾರೆ?” ಮೈಲಾರಿಯ ಹೊಲ ಉಳಿದಿತ್ತು, ಅಕ್ಕ ಬೈದ ದಿನವೇ ಅವನು ಔಷಧಿ ಹೊಡೆದಿದ್ದ.

ಮುಂದಿನ ಬೆಳೆಗೆ ಮಮತಾ ಮತ್ತೆ ಹಗ್ಗ ಹಿಡಿದಳು.

“ಈ ಸಲ ಮೂರೂ ಸಾಲು ಒಳಗೇ ಮಾಡ್ತೀನಿ ಅತ್ತೆ. ರಸ್ತೆಗೆ ಕಾಣದಂಗೆ.”

“ಬ್ಯಾಡ. ಹೋದ ಸಲ ಎಲ್ಲಿ ಇತ್ತೋ ಅಲ್ಲೇ ಇರ್ಲಿ. ತಾ ಸೇರು.” ಅವಳೇ ಚೀಟಿ ಎತ್ತಿದಳು. ಬರಿ ಚೀಟಿ ಈ ಸಲ ಬಸ್ಸಿನ ಜಾಗದಿಂದ ಒಂದು ತಾಕು ಆಚೆಗೆ ಬಿತ್ತು. ಅದೂ ರಸ್ತೆಗೆ ಕಾಣುತ್ತಿತ್ತು.

ಹುಳ ಬಂತು. ಎಲೆ ಜರಡಿಯಾಯಿತು. ಅಂತರಘಟ್ಟಮ್ಮ ಹುಲ್ಲಿಗೆ ಹೋಗಿ ಬರುವಾಗ ಆ ತಾಕಿನ ಬದುವಿನ ಮೇಲೆ ನಿಲ್ಲುತ್ತಿದ್ದಳು. ಮುಖ ತಿರುಗಿಸುತ್ತಿರಲಿಲ್ಲ. ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡಿರುತ್ತಿದ್ದಳು. ಕೋಳಿಗಳು ಓಣಿಯ ತಿರುವಿಗೆ ಬಂದು, ಬರಿಗೈ ನೋಡಿ, ಬೇಸರದಿಂದ ಹಿಂದಿರುಗುತ್ತಿದ್ದವು.

ಒಂದು ಬೆಳಗ್ಗೆ ಮುರುಗೇಶಪ್ಪನ ಬೈಕು ಮತ್ತೆ ನಿಂತಿತು. ಈ ಸಲ ಅವನು ಇಳಿದು ಬದುವಿನ ತನಕ ಬಂದ.

“ಮತ್ತೆ ಹಿಂಗೇ ಬಿಟ್ಟೀರಲ್ಲ ಅಂತರಘಟ್ಟಮ್ಮ?”

“ಬಿಟ್ಟಿರೋದೇ ಗೌಡ್ರೇ. ಅದು ಹಂಗಿದ್ರೇನೇ ಪಕ್ಕದ್ದು ಯಾಕೆ ಚೆಂದ ಐತೆ ಅಂತ ಗೊತ್ತಾಗೋದು. ಪಕ್ಕದ ತಾಕು ನೋಡ್ರಿ. ಬಿಳೀ ಹುಳ ಕಾಣ್ತಾವಾ?”

ಅವನು ನೋಡಿದ. ಕನ್ನಡಕ ಮೇಲೆತ್ತಿ ಮತ್ತೊಮ್ಮೆ ನೋಡಿದ. “ಅಂಗಡಿಗೆ ತರಿಸಬಹುದಾ ಇದನ್ನ?”

“ನಮ್ ಹುಡುಗಿನ ಕೇಳ್ರಿ. ಇನ್ನೂ ಪರೀಕ್ಷೆ ನಡೀತೈತೆ ಅಂತಾಳೆ.”

“ಅದಿರ್ಲಿ, ಇದನ್ನ ದಿನಾ ನೋಡ್ಕೊಂಡು ಸುಮ್ನೆ ಹೆಂಗಿರ್ತೀಯ ಮಾರಾಯ್ತಿ?”

“ಕಷ್ಟ ಐತೆ,” ಎಂದಳು ಅವಳು.

ಮುರುಗೇಶಪ್ಪನೂ ಹುಟ್ಟಾ ಬೇಸಾಯಗಾರನೇ. ಮಾತಾಡುತ್ತಲೇ ಅವನ ಕೈ ತಾನಾಗಿ ಮುಂದೆ ಹೋಗಿ, ಹತ್ತಿರದ ಗಿಡದ ಸುಳಿಯಲ್ಲಿ ತಲೆ ಹೊರಹಾಕಿದ್ದ ಹುಳವನ್ನು ಹಿಡಿಯಲು ಎರಡು ಬೆರಳು ಕೂಡಿಸಿತು. ಅಂತರಘಟ್ಟಮ್ಮ ಸೆರಗಿನಿಂದ ಒಂದು ಕೈ ಬಿಡಿಸಿ ಅಡ್ಡ ಹಿಡಿದಳು.

“ಬಿಡ್ರಿ ಗೌಡ್ರೇ. ನಮ್ ಮಮತಾ ಇನ್ನೂ ಅದನ್ನ ಎಣಿಸಿಲ್ಲ.”